ಒಂದೇ ಕತ್ತಿಯ ಮೂವರು

ಆ ಬೀದಿಯಲ್ಲಿ ಎರಡು ಕಟಿಂಗ್ ಅಂಗಡಿಗಳಿದ್ದವು, ಎದುರುಬದುರಾಗಿ. ಸುದ್ದಿ ಬೇಕಾದವರು ಒಂದಕ್ಕೆ ಹೋಗುತ್ತಿದ್ದರು, ನಿದ್ದೆ ಬೇಕಾದವರು ಇನ್ನೊಂದಕ್ಕೆ. ಸುದ್ದಿಯ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೋ. ಕತ್ತರಿ ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಯಾರ ಮನೆಯ ಮದುವೆ ಮಾತು ಮುರಿದುಬಿತ್ತು, ಯಾರ ಅಳಿಯ ಬಂದವನು ಹೋಗುವ ಮಾತೇ ಎತ್ತುತ್ತಿಲ್ಲ, ಎಲ್ಲವೂ ಅವನ ಕುರ್ಚಿಯಲ್ಲಿ ಕೂತವರಿಗೆ ಪುಕ್ಕಟೆ ಸಿಗುತ್ತಿತ್ತು. ಎದುರಂಗಡಿಯವನು ಅವನ ಸ್ವಂತ ಅಕ್ಕನ ಗಂಡ. ಮಾತಾಡಿದರೆ ಎಲ್ಲಿ ಮುತ್ತು ಉದುರಿಬಿಡುತ್ತದೋ ಎನ್ನುವವನ ಹಾಗೆ ತುಟಿ ಬಿಗಿದುಕೊಂಡು ಕೆಲಸ ಮಾಡುವ ಮನುಷ್ಯ. ಭಾವ ಭಾವಮೈದರ ನಡುವೆ ಮಾತು ನಿಂತು ಎಷ್ಟೋ ವರ್ಷಗಳಾಗಿದ್ದವು.

ಜಗಳ ಅಂಗಡಿಯದು. ಇಬ್ಬರೂ ಒಬ್ಬನೇ ಉಸ್ತಾದನ ಕೈಕೆಳಗೆ ಕೆಲಸ ಕಲಿತವರು. ಉಸ್ತಾದ ತೀರಿಕೊಂಡ ಮೇಲೆ ಅಂಗಡಿ ಯಾರದು ಎಂಬ ಪ್ರಶ್ನೆ ಬಂತು. ಭಾವ ಅರ್ಧ ಪಾಲು ಕೇಳಿದ. ಕೊನೆಗಾಲದಲ್ಲಿ ಉಸ್ತಾದನಿಗೆ ಗಂಜಿ ಕುಡಿಸಿದವನು ನಾನು, ನೀನು ಎಲ್ಲಿದ್ದೆ ಎಂದು ರೇಡಿಯೋ ಕೇಳಿದ. ಭಾವ ರಸ್ತೆಯಾಚೆ ಎದುರಿಗೇ ತನ್ನದೊಂದು ಅಂಗಡಿ ತೆರೆದ. ಅಲ್ಲಿಗಾದರೂ ಸುಮ್ಮನಿರಬೇಕಿತ್ತು. ರೇಡಿಯೋ ತನ್ನ ಗಿರಾಕಿಗಳೆದುರು, ನಗುನಗುತ್ತಲೇ, ಎದುರಂಗಡಿಯ ಟವೆಲಿನಿಂದ ಹುಳುಕಡ್ಡಿ ಹತ್ತುತ್ತದಂತೆ ಎಂದು ಒಂದು ಮಾತು ಬಿಟ್ಟ. ಮಾತು ಬೀದಿ ಸುತ್ತಿತು. ಒಂದು ಮಳೆಗಾಲವಿಡೀ ಭಾವನ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಟವೆಲಿನಲ್ಲಿ ಏನೂ ಇರಲಿಲ್ಲ ಎಂಬುದು ರೇಡಿಯೋಗೆ ಚೆನ್ನಾಗಿ ಗೊತ್ತಿತ್ತು.

ರೇಡಿಯೋಗೆ ಮೊದಮೊದಲು ಅನ್ನಿಸಿದ್ದು ಬರೀ ಗ್ಯಾಸು ಎಂದು. ಎಡಪಕ್ಕೆಯ ಕೆಳಗೆ ಏನೋ ಭಾರ. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿತು ಎನ್ನುತ್ತಿತ್ತು. ಮೈ ಇಳಿಯುತ್ತಿದ್ದರೂ ಪ್ಯಾಂಟು ಮಾತ್ರ ಎಡಕ್ಕೆ ಬಿಗಿ. ಸಂಜೆಗೆ ಕತ್ತರಿ ಹಿಡಿದ ಕೈ ಸೋಲುತ್ತಿತ್ತು. ಜೀರಿಗೆ ನೀರು ಕುಡಿದ, ಬೆಲ್ಟಿಗೆ ಹೊಸ ತೂತು ಹಾಕಿಸಿದ. ಅವನು ಗಿರಾಕಿಯೊಬ್ಬನ ತಲೆಯನ್ನು ಶುರುವಿನಿಂದ ಕೊನೆಯವರೆಗೆ ಒಂದೂ ಮಾತಾಡದೆ ಮುಗಿಸಿದ ದಿನ ಹೆಂಡತಿಗೆ ಗಾಬರಿಯಾಯಿತು. "ನೀವು ಸುಮ್ನಿದ್ರೆ ಅದು ಕಾಯಿಲೇನೇ. ಏಳಿ," ಎಂದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಆಸ್ಪತ್ರೆಯವರು ರಕ್ತ ತೆಗೆದರು, ಸ್ಕ್ಯಾನು ಮಾಡಿದರು, ಸೊಂಟದ ಮೂಳೆಗೆ ದಪ್ಪ ಸೂಜಿ ಚುಚ್ಚಿ ಮಜ್ಜೆ ತೆಗೆದರು. ಕೊನೆಗೆ ರಕ್ತದ ಡಾಕ್ಟರ ಕೋಣೆಗೆ ಕಳಿಸಿದರು. ಡಾಕ್ಟರು ನಡುವಯಸ್ಸಿನ ಹೆಂಗಸು. ಕೋಣೆಯಲ್ಲಿ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಕೈ ತೊಳೆಯುವ ಬೇಸಿನ್ನು, ಗೋಡೆಯ ಮೇಲೆ ಹಳೆಯದಾಗಿ ಮೂಲೆ ಸುರುಟಿಕೊಂಡ ಮನುಷ್ಯನ ಒಳಾಂಗಗಳ ಚಿತ್ರ. ಅವರು ಸುತ್ತಿ ಬಳಸಿ ಹೇಳಲಿಲ್ಲ. ಚಿತ್ರದಲ್ಲಿ ಎಡಗಡೆ ಇರುವ ಸಣ್ಣ ಅಂಗವೊಂದನ್ನು ಪೆನ್ನಿನಿಂದ ತೋರಿಸಿದರು.

"ಇದು ಗುಲ್ಮ, ಸ್ಪ್ಲೀನು. ನಿಮ್ಮದು ಇರ್ಬೇಕಾದ್ದಕ್ಕಿಂತ ತುಂಬಾ ದೊಡ್ಡದಾಗಿದೆ. ಅದರ ತುಂಬ, ಮಜ್ಜೆಯಲ್ಲೂ, ಒಂದು ಜಾತಿಯ ಬಿಳಿ ರಕ್ತಕಣ ಅಳತೆ ಮೀರಿ ಬೆಳೀತಿದೆ. ಲಿಂಫೋಮಾ ಅಂತೀವಿ. ರಕ್ತದ ಕ್ಯಾನ್ಸರ್‌ಗಳಲ್ಲಿ ಒಂದು. ನಿಧಾನವಾಗಿ ಬೆಳೆಯೋ ಜಾತಿ."

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರೇಡಿಯೋ ಚಿತ್ರವನ್ನೇ ನೋಡುತ್ತ ಕೂತ. ಇಷ್ಟು ವರ್ಷ ಊರಿನ ಸುದ್ದಿಯನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದವನಿಗೆ ತನ್ನ ಹೊಟ್ಟೆಯೊಳಗಿನ ಸುದ್ದಿ ಮಾತ್ರ ಗೊತ್ತಿರಲಿಲ್ಲ.

"ಇನ್ನೊಂದು ವಿಷಯ," ಎಂದರು ಡಾಕ್ಟರು. "ನಿಮ್ಮ ರಕ್ತದಲ್ಲಿ ಒಂದು ವೈರಸ್ ಇದೆ. ಹೆಪಟೈಟಿಸ್ ಸಿ. ಈಗ ಬಂದದ್ದಲ್ಲ, ತುಂಬಾ ವರ್ಷಗಳಿಂದ ಇರೋದು. ಕ್ಯಾನ್ಸರು ಅದರಿಂದಾನೇ ಶುರುವಾಗಿರೋ ಸಾಧ್ಯತೆ ಜಾಸ್ತಿ."

"ವೈರಸ್ ಅಂದ್ರೆ ನೆಗಡಿ ಜ್ವರ ಅಲ್ವಾ ಡಾಕ್ಟ್ರೇ?"

"ನೆಗಡಿ ಬಂದು ಹೋಗುತ್ತೆ. ಇದು ಬಂದ್ರೆ ಸಾಮಾನ್ಯವಾಗಿ ಹೋಗಲ್ಲ. ಅದನ್ನ ಓಡಿಸೋಕೆ ಅಂತ ಮೈಯಲ್ಲಿರೋ ಕಾವಲಿನ ಕಣಗಳು ವರ್ಷಗಟ್ಟಲೆ ಹೆಚ್ಚುತ್ತಲೇ ಇರ್ತವೆ. ಹಾಗೆ ಹೆಚ್ಚುವಾಗ ಯಾವುದೋ ಒಂದು ಕಣ ದಾರಿ ತಪ್ಪುತ್ತೆ. ಆಮೇಲೆ ಅದು ತನ್ನಂಥವನ್ನೇ ಹುಟ್ಟಿಸ್ತಾ ಹೋಗುತ್ತೆ."

ರೇಡಿಯೋ ಅದನ್ನು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡ. ಕಟಿಂಗ್ ಮುಗಿದರೂ ಎದ್ದು ಹೋಗದ ಗಿರಾಕಿ. ಅವನು ಕೂತಿರುವವರೆಗೆ ಅಂಗಡಿ ಮುಚ್ಚುವ ಹಾಗಿಲ್ಲ, ದೀಪ ಆರಿಸುವ ಹಾಗಿಲ್ಲ, ಕೆಲಸದವರಿಗೆ ಬಿಡುವಿಲ್ಲ. ಕೊನೆಗೆ ಕೆಲಸದವರಲ್ಲೇ ಒಬ್ಬನ ತಲೆ ಕೆಟ್ಟಿದೆ. ಹಾಗೆಂದು ಹೇಳಿದಾಗ ಡಾಕ್ಟರು ಮೊದಲ ಸಲ ನಕ್ಕರು.

"ಅದಕ್ಕೇ ನಾವು ಮೊದಲು ಗಿರಾಕೀನ ಎಬ್ಬಿಸ್ತೀವಿ. ಕ್ಯಾನ್ಸರಿಗೆ ಈಗಲೇ ಕೀಮೋ ಬೇಡ. ವೈರಸ್ಸಿಗೆ ಮಾತ್ರೆ ಕೊಡ್ತೀನಿ, ದಿನಾ ತಗೊಳ್ಳಿ. ವೈರಸ್ ಹೋದ ಮೇಲೆ ಈ ಜಾತಿಯ ಕ್ಯಾನ್ಸರು ತಾನಾಗೇ ಇಳಿದ ರೋಗಿಗಳು ಬೇಕಾದಷ್ಟು ಇದ್ದಾರೆ. ಎಲ್ಲರಿಗೂ ಹಾಗಾಗುತ್ತೆ ಅಂತ ಹೇಳಲ್ಲ. ಇಳೀದಿದ್ರೆ ಆಗ ಬೇರೆ ದಾರಿ ನೋಡೋಣ."

"ಕ್ಯಾನ್ಸರಿಗೆ ಬರೀ ಮಾತ್ರೆನಾ?" ಎಂದಳು ಹೆಂಡತಿ. ಅವಳಿಗೆ ಇದು ಯಾಕೋ ಕೆಳದರ್ಜೆಯ ಚಿಕಿತ್ಸೆ ಎನ್ನಿಸಿತ್ತು.

ಆಮೇಲೆ ಡಾಕ್ಟರು ವೈರಸ್ ಎಲ್ಲಿಂದ ಬಂದಿರಬಹುದು ಎಂದು ಕೆದಕಿದರು. ಇದು ರಕ್ತದಿಂದ ರಕ್ತಕ್ಕೆ ಹೋಗುವಂಥದ್ದು. ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದೀರಾ? ಇಲ್ಲ. ಹಚ್ಚೆ? ಇಲ್ಲ. ಆಪರೇಷನ್ನು? ಇಲ್ಲ. ಏನು ಕೆಲಸ? ಕಟಿಂಗ್ ಅಂಗಡಿ ಎಂದಾಗ ಅವರ ಪೆನ್ನು ನಿಂತಿತು. ಕೆಲಸ ಹೇಗೆ ಕಲಿತಿರಿ ಎಂದು ಕೇಳಿದರು.

ಅದೊಂದು ಕಥೆ. ಉಸ್ತಾದನದು ಒಂದು ಕಟ್ಟಪ್ಪಣೆಯಿತ್ತು. ಗಿರಾಕಿಯ ಕೆನ್ನೆ ಮುಟ್ಟುವ ಮೊದಲು ಜೊತೆಯವನ ಕೆನ್ನೆಯ ಮೇಲೆ ಕೈ ಪಳಗಬೇಕು. ಆಗ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದವರು ಮೂವರು. ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಒಬ್ಬರಿಗೊಬ್ಬರು ಕ್ಷೌರ ಮಾಡಬೇಕು, ಗಡ್ಡ ಬಂದಿರಲಿ ಬಿಡಲಿ. ಇದ್ದದ್ದು ಮಡಚುವ ಕತ್ತಿ ಒಂದೇ. ಎಳೆ ಕೈಗಳು ನಡುಗುತ್ತಿದ್ದವು, ಕೆನ್ನೆ ಕುಯ್ಯುತ್ತಿತ್ತು, ರಕ್ತ ಜಿನುಗುತ್ತಿತ್ತು. ಗಾಯಕ್ಕೆ ಪಟಿಕದ ಕಲ್ಲು ತಿಕ್ಕಿ, ಕತ್ತಿಯನ್ನು ಬಟ್ಟೆಗೆ ಒರೆಸಿ ಮುಂದಿನವನಿಗೆ ಕೊಡುತ್ತಿದ್ದರು. ಉರಿಗೆ ಮುಖ ಹಿಂಡಿದವನನ್ನು ಉಸ್ತಾದ ಛೇಡಿಸುತ್ತಿದ್ದ. ಅವರೂ ಅದನ್ನು ಗಂಡಸ್ತನದ ಗುರುತು ಎಂದೇ ತಿಳಿದಿದ್ದರು. ಪ್ರತಿ ಗಿರಾಕಿಗೂ ಹೊಸ ಬ್ಲೇಡು ಎಂಬ ಪದ್ಧತಿ ಬಂದದ್ದು ಎಷ್ಟೋ ವರ್ಷಗಳ ಮೇಲೆ.

"ಉಳಿದಿಬ್ಬರು ಈಗ ಹೇಗಿದ್ದಾರೆ?" ಎಂದು ಕೇಳಿದರು ಡಾಕ್ಟರು.

ಮೂವರಲ್ಲಿ ಮೂರನೆಯವನು ಹಾಲಪ್ಪ. ಚಹಾ ಕಾಫಿ ಸಹ ಮುಟ್ಟದೆ ಹಾಲು ಮಾತ್ರ ಕುಡಿಯುತ್ತಿದ್ದನೆಂದು ಆ ಅಡ್ಡಹೆಸರು. ಅವನು ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ಸತ್ತು ಕೆಲವು ವರ್ಷಗಳಾಗಿದ್ದವು. ಲಿವರ್ ಹೋಗಿದೆ ಎಂದಿದ್ದರು. ಲಿವರ್ ಹೋಯಿತೆಂದರೆ ಬೀದಿಗೆ ಗೊತ್ತಿದ್ದ ಕಾರಣ ಒಂದೇ, ಕುಡಿತ. ಹೆಣ ಎತ್ತುವ ದಿನ ರೇಡಿಯೋನೇ ನಾಲ್ಕು ಜನರೆದುರು, ಆ ಹಾಲಿನ ಲೋಟದಲ್ಲಿ ಏನಿತ್ತೋ ಯಾರು ಕಂಡಿದ್ದಾರೆ ಎಂದು ನಗೆಯಾಡಿದ್ದ. ಅಲ್ಲಿಂದ ಹಾಲಪ್ಪ ಕದ್ದು ಕುಡಿಯುತ್ತಿದ್ದನೆಂಬುದು ಬೀದಿಯ ಮಟ್ಟಿಗೆ ಸತ್ಯವಾಯಿತು. ಅವನ ಹೆಂಡತಿ ತಲೆ ತಗ್ಗಿಸಿ ಓಡಾಡುವುದನ್ನು ಕಲಿತಳು.

"ಅದೂ ಇದರಿಂದಾನೇ ಇರಬಹುದಾ?"

"ಸತ್ತವರ ರಕ್ತ ಪರೀಕ್ಷೆ ಮಾಡೋಕಾಗಲ್ಲ. ಆದರೆ ಇರಬಹುದು. ಈ ವೈರಸ್ಸು ಒಬ್ಬರ ಲಿವರ್ ತಿನ್ನುತ್ತೆ, ಒಬ್ಬರ ರಕ್ತ ಕೆಡಿಸುತ್ತೆ. ಇನ್ನೊಬ್ಬರು?"

"ನಮ್ಮ ಭಾವ," ಎಂದ ರೇಡಿಯೋ.

"ಆದಷ್ಟು ಬೇಗ ಕರ್ಕೊಂಡು ಬನ್ನಿ. ಆರಾಮಾಗಿದ್ದಾರೆ ಅಂತ ಸುಮ್ನಿರಬೇಡಿ, ನೀವೂ ಇಷ್ಟು ವರ್ಷ ಆರಾಮಾಗೇ ಇದ್ರಿ. ಆಗಿನ ಕಾಲದಲ್ಲಿ ನಿಮ್ಮ ಅಂಗಡಿಗೆ ಬರ್ತಿದ್ದವರೂ ಒಂದ್ಸಲ ಪರೀಕ್ಷೆ ಮಾಡಿಸ್ಕೊಂಡ್ರೆ ಒಳ್ಳೇದು."

ಹೆಂಡತಿಯ ರಕ್ತವನ್ನು ಅಲ್ಲೇ ಪರೀಕ್ಷೆ ಮಾಡಿದರು, ಅವಳಿಗೆ ಏನೂ ಇರಲಿಲ್ಲ. ರೇಡಿಯೋ ಮಾತ್ರೆ ಶುರುಮಾಡಿದ. ಆದರೆ ಭಾವನಿಗೆ ಹೇಳಲಿಲ್ಲ. ಹೇಳಬೇಕೆಂದು ಗೊತ್ತಿತ್ತು, ನಾಲಿಗೆ ಏಳಲಿಲ್ಲ. ರೇಜರಿನಿಂದ ಕ್ಯಾನ್ಸರ್ ಬಂದಿದೆ ಎಂಬ ಸುದ್ದಿ ಬೀದಿಗೆ ಬಿದ್ದರೆ ತನ್ನ ಕುರ್ಚಿಯಲ್ಲಿ ಯಾರು ಕೂರುತ್ತಾರೆ? ಸುದ್ದಿ ಹೇಗೆ ಓಡುತ್ತದೆ ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಕನ್ನಡಿಯಲ್ಲಿ ಎದುರಂಗಡಿ ಕಾಣುತ್ತಿತ್ತು. ಭಾವ ಗಿರಾಕಿಯ ತಲೆ ಬಗ್ಗಿಸಿ ಕತ್ತಿನ ಹಿಂದೆ ಮಷಿನ್ ಓಡಿಸುವುದು, ಬಾಗಿಲಿಗೆ ಬಂದು ಟವೆಲ್ ಒದರುವುದು. ರೇಡಿಯೋ ಅವನ ಕಣ್ಣು ಹಳದಿಯಾಗಿದೆಯೇ, ಹೊಟ್ಟೆ ಉಬ್ಬಿದೆಯೇ ಎಂದು ನೋಡುತ್ತ ನಿಲ್ಲುತ್ತಿದ್ದ. ಆ ನೋಟ ಭಾವನಿಗೆ ಬೇರೆಯೇ ಅರ್ಥದಲ್ಲಿ ಹೋಗಿರಬೇಕು. ಒಂದು ದಿನ ಅವನು ಎದ್ದು ತನ್ನ ಅಂಗಡಿಯ ಬಾಗಿಲ ಪರದೆ ಎಳೆದುಬಿಟ್ಟ.

ಎರಡು ಮನೆಗಳ ನಡುವೆ ಓಡಾಟ ಇಟ್ಟುಕೊಂಡವಳು ಅಕ್ಕ ಒಬ್ಬಳೇ. ತಮ್ಮನಿಗೆ ಹುಷಾರಿಲ್ಲ ಎಂದು ಕೇಳಿ ಹಿತ್ತಿಲ ಬಾಗಿಲಿನಿಂದ ಬಂದಳು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಅವ್ರಿಗೂ ಬಂದಿದ್ಯೇನೋ?" ಎಂದಳು.

"ಗೊತ್ತಿಲ್ಲ ಅಕ್ಕ. ಪರೀಕ್ಷೆ ಮಾಡಿಸ್ಬೇಕು. ನೀನೇ ಹೇಳು, ನನ್ನ ಮಾತು ಅವ್ರು ಕೇಳಲ್ಲ."

ಅಕ್ಕ ಹೇಳಿದಳು. ಮರುದಿನ ಬಂದಾಗ ಅವಳ ಮುಖ ನೋಡಿಯೇ ರೇಡಿಯೋಗೆ ಗೊತ್ತಾಯಿತು.

"ಏನಂದ್ರು?"

"ಮೊದಲು ಹುಳುಕಡ್ಡಿ, ಈಗ ಕ್ಯಾನ್ಸರ್ರು, ನಿನ್ನ ತಮ್ಮ ಮೇಲಿನ ಕ್ಲಾಸಿಗೆ ಪಾಸಾಗಿದ್ದಾನೆ ಅಂದ್ರು. ನಾನು ಆಸ್ಪತ್ರೆ ಮೆಟ್ಟಿಲು ಹತ್ತಿದ್ದನ್ನ ಯಾರಾದ್ರೂ ನೋಡಿದ್ರೆ ಸಾಕು, ಅಂಗಡಿಗೆ ಬೀಗ ಬೀಳುತ್ತೆ, ಅವ್ನಿಗೆ ಬೇಕಾಗಿರೋದೂ ಅದೇ ಅಂದ್ರು. ಅಳ್ತಾ ಹೇಳ್ದೆ ಕಣೋ. ನಂಬಲ್ಲ."

ರೇಡಿಯೋಗೆ ಸಿಟ್ಟು ಬಂತು. ಸಾಯೋದಾದ್ರೆ ಸಾಯಲಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಎದುರಿಗೆ ಕೂತವಳು ಅಕ್ಕ ಎಂದು ನುಂಗಿಕೊಂಡ. ಅವಳು ಹೋದ ಮೇಲೆ ಯೋಚಿಸಿದಾಗ ಭಾವ ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ತಾನು ಅವನ ಜಾಗದಲ್ಲಿದ್ದರೆ ತಾನೂ ನಂಬುತ್ತಿರಲಿಲ್ಲ. ಇಷ್ಟು ವರ್ಷ ಆಡಿದ ಮಾತುಗಳಲ್ಲಿ ಯಾವುದು ನಿಜ ಯಾವುದು ಸುಳ್ಳು ಎಂದು ಅವನೇ ಲೆಕ್ಕ ಇಟ್ಟಿರಲಿಲ್ಲ. ಡಾಕ್ಟರ ಚೀಟಿ ಕಳಿಸಿದರೆ ಅದೂ ನಾಟಕ ಎನ್ನುತ್ತಾನೆ. ತನಗೆ ಲಾಭವಾಗುವ ಮಾತನ್ನು ಭಾವ ನಂಬುವುದಿಲ್ಲ. ಹಾಗಾದರೆ ತನಗೆ ನಷ್ಟವಾಗುವ ಹಾಗೆ ಹೇಳಬೇಕು. ಇಷ್ಟು ಹೊಳೆದ ಮೇಲೆ ರೇಡಿಯೋ ಬಹಳ ಹೊತ್ತು ಖಾಲಿ ಕುರ್ಚಿಯಲ್ಲಿ ತಾನೇ ಕೂತಿದ್ದ. ಭಯವಾಗಿತ್ತು. ಕ್ಯಾನ್ಸರ್ ಎಂದಾಗಲೂ ಇಷ್ಟು ಆಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಎರಡೂ ಅಂಗಡಿಗಳು ತುಂಬಿರುತ್ತವೆ. ರೇಡಿಯೋ ತನ್ನ ಅಂಗಡಿಯಲ್ಲಿ ಕಾಯುತ್ತಿದ್ದವರಿಗೆ, "ಒಂದ್ನಿಮಿಷ, ಎಲ್ರೂ ಬನ್ನಿ, ಒಂದು ಸುದ್ದಿ ಇದೆ," ಎಂದ. ಸುದ್ದಿ ಎಂದರೆ ಯಾರು ಬರುವುದಿಲ್ಲ? ಅವನ ಹಿಂದೆ ಅವರೆಲ್ಲ ರಸ್ತೆ ದಾಟಿದರು. ಭಾವನ ಅಂಗಡಿಯ ಬೆಂಚೂ ಭರ್ತಿಯಾಗಿತ್ತು. ಕುರ್ಚಿಯಲ್ಲಿ ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡ ಪೋಸ್ಟ್‌ಮ್ಯಾನ್ ಕೂತಿದ್ದ, ಅರ್ಧ ಕೆನ್ನೆ ಆಗಿತ್ತು. ಭಾವ ತಿರುಗಿ ನೋಡಿದ. ಹೊರಗೆ ಹೋಗು ಎನ್ನಲೂ ಬಾಯಿ ತೆರೆಯಲಿಲ್ಲ, ಬಾಗಿಲ ಕಡೆಗೆ ಗದ್ದ ಎತ್ತಿದ ಅಷ್ಟೆ.

"ಹೋಗ್ತೀನಿ. ಹೇಳಿ ಹೋಗ್ತೀನಿ," ಎಂದ ರೇಡಿಯೋ. ಅವನ ದನಿ ಯಾವಾಗಲೂ ಇರುವಂತಿರಲಿಲ್ಲ, ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಂಗೆ ರಕ್ತದ ಕ್ಯಾನ್ಸರ್ ಆಗಿದೆ. ಒಂದು ವೈರಸ್ಸಿಂದ ಬಂದಿದೆ. ಆ ವೈರಸ್ಸು ನಂಗೆ ಬಂದಿದ್ದು ನಮ್ಮ ಅಂಗಡೀಲಿ, ಉಸ್ತಾದರ ಕತ್ತಿಯಿಂದ. ಈಗಿನ ಬ್ಲೇಡಿಂದ ಅಲ್ಲ, ಆಗಿನ ಕತ್ತಿಯಿಂದ. ಆದ್ರೆ ನೀವು ಇದನ್ನೆಲ್ಲ ಬಿಡಿಸಿ ನೋಡಲ್ಲ ಅಂತ ನಂಗೊತ್ತು. ನಾಳೆಯಿಂದ ನನ್ನ ಅಂಗಡಿಗೆ ಬರ್ಬೇಡಿ. ಆಗ ನಮ್ಮಲ್ಲಿ ಶೇವ್ ಮಾಡಿಸ್ಕೊಂಡಿದ್ದ ಹಳಬರು ಆಸ್ಪತ್ರೆಗೆ ಹೋಗಿ ರಕ್ತ ತೋರಿಸ್ಕೊಳ್ಳಿ. ಇದ್ರೆ ಮಾತ್ರೆ ಇದೆ, ಹೋಗುತ್ತೆ."

ಬೆಂಚಿನ ತುದಿಯಲ್ಲಿದ್ದವನೊಬ್ಬ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡ.

"ಇನ್ನೊಂದು. ಹಾಲಪ್ಪ ಕುಡೀತಿರ್ಲಿಲ್ಲ. ಆ ಮಾತು ಹುಟ್ಟಿಸಿದವನು ನಾನು. ಅವನೂ ಬಹುಶಃ ಇದೇ ಕತ್ತಿಯಿಂದಾನೇ ಹೋದ. ಅವನ ಹೆಂಡತಿಗೆ ಇವತ್ತೇ ಹೋಗಿ ಹೇಳ್ತೀನಿ. ಹುಳುಕಡ್ಡೀನೂ ನಾನೇ ಹುಟ್ಟಿಸಿದ್ದು." ಆಮೇಲೆ ಭಾವನ ಕಡೆ ತಿರುಗಿದ. "ಭಾವ, ಈಗ ನಂಗೆ ಅಂಗಡಿ ಇಲ್ಲ. ನಿಮ್ಮ ಅಂಗಡಿ ಮುಚ್ಚಿಸಿ ನಂಗೇನೂ ಸಿಗಲ್ಲ. ಅಕ್ಕನಿಗೋಸ್ಕರ ಒಂದ್ಸಲ ಬನ್ನಿ."

ಮೊದಲು ಎದ್ದವನು ಪೋಸ್ಟ್‌ಮ್ಯಾನ್. ಕೊರಳಿಗೆ ಕಟ್ಟಿದ್ದ ಬಟ್ಟೆಯನ್ನು ತಾನೇ ಬಿಚ್ಚಿ, ಅರ್ಧ ನೊರೆ ಅರ್ಧ ಕೆನ್ನೆಯಲ್ಲಿ ನೆಟ್ಟಗೆ ಹೊರಗೆ ನಡೆದ. ಅವನ ಹಿಂದೆ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಏನೋ ನೆನಪಾದವರ ಹಾಗೆ ಕೆಲವರು ಗಡಿಯಾರ ನೋಡಿಕೊಂಡರು. ಭಾವ ಕೈಯಲ್ಲಿದ್ದ ರೇಜರಿನಿಂದ ಬ್ಲೇಡು ತೆಗೆದು ಡಬ್ಬಕ್ಕೆ ಹಾಕಿದ. ಬೇಸಿನ್ನಿನಲ್ಲಿ ಕೈ ತೊಳೆದ, ನಿಧಾನವಾಗಿ, ಮೊಣಕೈಯವರೆಗೆ. ಟವೆಲಿಗೆ ಕೈ ಒರೆಸಿಕೊಂಡು ಕೇಳಿದ:

"ಯಾವ ಆಸ್ಪತ್ರೆ?"

ಅಷ್ಟು ವರ್ಷಗಳ ಮೇಲೆ ಭಾವ ಅವನೊಡನೆ ಆಡಿದ ಮೊದಲ ಮಾತು ಅದು.

ಆಮೇಲಿನ ದಿನಗಳಲ್ಲಿ ಆ ಬೀದಿಯ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ಗಡ್ಡ ಬೆಳೆಯಿತು. ಮೂಲೆಯ ದಿನಸಿ ಅಂಗಡಿಯಲ್ಲಿ ರೇಜರುಗಳು ಖಾಲಿಯಾದವು, ಕೆನ್ನೆಗೆ ಬ್ಯಾಂಡೇಜು ಅಂಟಿಸಿಕೊಂಡು ಓಡಾಡುವವರೂ ಕಂಡರು. ಹಳಬರು ಕೆಲವರು ಯಾರಿಗೂ ಹೇಳದೆ ಆಸ್ಪತ್ರೆಗೆ ಹೋಗಿ, ಅಲ್ಲಿ ಒಬ್ಬರನ್ನೊಬ್ಬರು ಕಂಡು ಮುಖ ತಿರುಗಿಸಿಕೊಂಡರು. ಹಾಲಪ್ಪನ ಹೆಂಡತಿ ರೇಡಿಯೋ ಹೇಳಿದ್ದನ್ನೆಲ್ಲ ಬಾಗಿಲಲ್ಲೇ ನಿಂತು ಕೇಳಿದಳು. ಒಳಗೆ ಬಾ ಎನ್ನಲಿಲ್ಲ. "ನಂಗೆ ಆವಾಗ್ಲೇ ಗೊತ್ತಿತ್ತು," ಎಂದು ಬಾಗಿಲು ಹಾಕಿಕೊಂಡಳು. ಅವಳು ಬೈದಿದ್ದರೆ ವಾಸಿಯಿತ್ತು ಎಂದು ರೇಡಿಯೋಗೆ ಅನ್ನಿಸಿತು. ತನ್ನ ಅಂಗಡಿಯ ಬಾಗಿಲನ್ನು ಅಭ್ಯಾಸಬಲದಿಂದ ಬೆಳಿಗ್ಗೆ ತೆರೆಯುತ್ತಿದ್ದ, ಕನ್ನಡಿ ಒರೆಸುತ್ತಿದ್ದ, ಕೂರುತ್ತಿದ್ದ. ರಸ್ತೆಯಾಚೆ ಭಾವನೂ ಹಾಗೇ ಕೂತಿರುತ್ತಿದ್ದ, ಪರದೆ ಸರಿಸಿ.

ಭಾವನ ವರದಿ ಬರುವ ದಿನವೇ ರೇಡಿಯೋನ ತಪಾಸಣೆಯೂ ಇತ್ತು. ಮೂವರೂ ಒಂದೇ ಬಸ್ಸಿನಲ್ಲಿ ಹೋದರು, ಅಕ್ಕ ನಡುವೆ ಕೂತಳು. ಡಾಕ್ಟರು ಮೊದಲು ರೇಡಿಯೋನ ಪಕ್ಕೆಯ ಕೆಳಗೆ ಬೆರಳೊತ್ತಿ ನೋಡಿದರು. ರಕ್ತದಲ್ಲಿ ವೈರಸ್ ಈಗ ಸಿಗುತ್ತಿಲ್ಲ, ಗುಲ್ಮ ಸ್ವಲ್ಪ ಇಳಿದಿದೆ, ಮಾತ್ರೆ ಮುಗಿಸಲಿ, ಈಗಲೇ ಗೆದ್ದೆವು ಅನ್ನುವುದು ಬೇಡ ಎಂದರು. ಆಮೇಲೆ ಭಾವನ ವರದಿ ತೆಗೆದರು.

"ನಿಮಗೂ ಆ ವೈರಸ್ ಬಂದಿತ್ತು. ಅದರ ಗುರುತು ರಕ್ತದಲ್ಲಿದೆ. ಆದರೆ ಈಗ ವೈರಸ್ ಇಲ್ಲ. ಲಿವರ್ ಚೆನ್ನಾಗಿದೆ, ರಕ್ತ ಚೆನ್ನಾಗಿದೆ."

"ಇಲ್ಲ ಅಂದ್ರೆ?" ಎಂದಳು ಅಕ್ಕ.

"ಕೆಲವರ ಮೈ ಶುರುವಲ್ಲೇ ಅದನ್ನ ಆಚೆಗೆ ಹಾಕಿಬಿಡುತ್ತೆ. ಇವರದ್ದು ಹಾಗೆ. ಇವರಿಗೆ ಔಷಧಿ ಏನೂ ಬೇಡ."

"ಇಬ್ಬರಿಗೂ ಬಂದದ್ದು ಒಂದೇ ಅಲ್ವಾ? ಇವ್ರಿಗೆ ಯಾಕೆ ಹೋಯ್ತು, ನಂಗೆ ಯಾಕೆ ಹೋಗ್ಲಿಲ್ಲ?" ರೇಡಿಯೋ ಕೇಳಿದ.

"ಗೊತ್ತಿಲ್ಲ," ಎಂದರು ಡಾಕ್ಟರು. "ಹುಟ್ಟಿನಿಂದ ಬಂದ ಗುಣ ಸ್ವಲ್ಪ ಇರಬಹುದು. ಉಳಿದದ್ದು ನಮಗೂ ಗೊತ್ತಿಲ್ಲ."

ಅಕ್ಕ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಆಮೇಲೆ ತಮ್ಮನ ಮಾತ್ರೆ ತರಲು ಔಷಧಿ ಅಂಗಡಿಯ ಸಾಲಿಗೆ ಹೋದಳು. ಭಾವ ಭಾವಮೈದ ಇಬ್ಬರೂ ಉದ್ದ ಕಾರಿಡಾರಿನ ಬೆಂಚಿನಲ್ಲಿ ಕೂತರು. ರೇಡಿಯೋ ತನ್ನೊಳಗೇ ಹುಡುಕಿ ನೋಡಿದ. ಅಕ್ಕನಿಗಾಗಿ ಸಮಾಧಾನ ಇತ್ತು, ಅದು ನಿಜ. ಹೊಟ್ಟೆಯುರಿಯೂ ಇತ್ತು, ಅದೂ ನಿಜ. ಏನೂ ಆಗದವನಿಗಾಗಿ ತನ್ನ ಅಂಗಡಿಯನ್ನೂ ಕಳೆದುಕೊಂಡು, ಅವನದನ್ನೂ ಖಾಲಿ ಮಾಡಿಸಿದ್ದ. ಭಾವ ಈಗ ಎದ್ದು ಬೈದರೆ ಬೈಸಿಕೊಳ್ಳಲು ತಯಾರಾಗಿ ಕೂತ.

ಭಾವ ಬೈಯಲಿಲ್ಲ. ಮೊಣಕಾಲ ಮೇಲೆ ಕೈಯೂರಿ ನೆಲ ನೋಡುತ್ತಿದ್ದ. ವರದಿಯ ಲಕೋಟೆ ಅವನ ಕೈಯಲ್ಲಿ ಮುದುಡಿತ್ತು. ಎದುರಿನ ಬಾಗಿಲಿನಿಂದ ಒಬ್ಬ ರೋಗಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದರು. ಅವರು ದಾಟಿಹೋದ ಮೇಲೆ ಭಾವ ಮಾತಾಡಿದ.

"ಕತ್ತಿ ಒಂದೇ ಇತ್ತಲ್ಲೋ. ಹಾಲಪ್ಪ ಹೋದ. ನಿಂಗೆ ಹೀಗಾಯ್ತು. ನಂಗೂ ಬರ್ಬೇಕಿತ್ತು."

ರೇಡಿಯೋ ಅವನ ಕಡೆ ತಿರುಗಿದ.

"ಅಂಗಡೀಲಿ ಅರ್ಧ ಕೇಳಿದ್ರಿ, ಆಯ್ತು," ಎಂದ ರೇಡಿಯೋ. "ಈಗ ಇದ್ರಲ್ಲೂ ಪಾಲು ಬೇಕಾ ಭಾವ ನಿಮ್ಗೆ?"

ಭಾವ ಮೊದಲು ನಕ್ಕ. ನಗು ಅರ್ಧದಲ್ಲೇ ಒಡೆದು, ಅವನು ಭಾವಮೈದನ ಭುಜಕ್ಕೆ ಹಣೆಯೊತ್ತಿ ಜೋರಾಗಿ ಅಳತೊಡಗಿದ. ರೇಡಿಯೋಗೂ ತಡೆಯಲಾಗಲಿಲ್ಲ. ಔಷಧಿ ಸಾಲಿನಲ್ಲಿ ನಿಂತಿದ್ದ ಅಕ್ಕ ಸದ್ದು ಕೇಳಿ ಚೀಲವನ್ನು ಅಲ್ಲೇ ಬಿಟ್ಟು ಓಡಿಬಂದಳು. ಇಬ್ಬರಲ್ಲಿ ಯಾರಿಗೆ ಏನಾಯಿತೆಂದು ತಿಳಿಯದೆ ಒಮ್ಮೆ ಗಂಡನನ್ನು, ಒಮ್ಮೆ ತಮ್ಮನನ್ನು ಹಿಡಿದು ಅಲುಗಿಸತೊಡಗಿದಳು.